ಬಸರಿ ಮರದ ಲೆಕ್ಕ

2018ರ ಮೇ ತಿಂಗಳ ಕೊನೆ. ಕೆರೆ ಏರಿಯ, ಬಾವಲಿ ತುಂಬಿದ ಬಸರಿ ಮರ ಕಡಿಸಬೇಕು ಅಂತ ಅರ್ಜಿ ಬರೆದು ಊರಲ್ಲಿ ಸಹಿಗೆ ತಿರುಗಿಸುತ್ತಿದ್ದರು. ನಮ್ಮ ಜಗಲಿಗೆ ಬರುವ ಹೊತ್ತಿಗೆ ಅರ್ಧ ಊರಿನ ಸಹಿ ಬಿದ್ದಾಗಿತ್ತು. ಒಕ್ಕಣೆ ಚೆನ್ನಾಗಿತ್ತು, ಕಾಗುಣಿತದ ಒಂದು ತಪ್ಪೂ ಇರಲಿಲ್ಲ. ಇರಬಾರದೇ ಮತ್ತೆ, ಬರೆದವನು ನನ್ನ ಹತ್ತಿರವೇ ಕಲಿತ ಹುಡುಗ, ಈಗ ತೋಟದ ಯಜಮಾನ.

"ಮೇಷ್ಟ್ರೇ, ನೀವು ಬಾವಲಿ ಪಕ್ಷ ಅಂತ ಗೊತ್ತು. ಆದ್ರೂ ನಿಮ್ಮನ್ನ ಬಿಟ್ಟು ಹೋಗೋದು ಸರಿಯಲ್ಲ ಅಂತ ಬಂದೆ" ಅಂದ.

"ನಾನು ಯಾವ ಪಕ್ಷವೂ ಅಲ್ಲ ಮಾರಾಯ, ಎಣಿಸೋನು ಅಷ್ಟೆ. ಸ್ವಲ್ಪ ದಿನ ತಡಿ" ಅಂದೆ. ತಡೆದ. ಅದು ಅವನ ದೊಡ್ಡತನ.

ಅಡಿಕೆ ಸುಲಿಯಲು ಕೂತ ನಿಮ್ಮಲ್ಲಿ ಕೆಲವರಿಗೆ ಆಗ ಇನ್ನೂ ಮೀಸೆ ಮೂಡಿರಲಿಲ್ಲ, ಅದಕ್ಕೆ ಹೇಳ್ತೇನೆ. ಆ ತಿಂಗಳು ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದ ಕಡೆ ಒಂದೇ ಮನೆಯಲ್ಲಿ ಒಬ್ಬರ ಹಿಂದೆ ಒಬ್ಬರು ಜ್ವರ ಬಂದು ಸತ್ತರು. ಅವರ ಆರೈಕೆ ಮಾಡಿದ ನರ್ಸ್ ಕೂಡ ಹೋದರು. ಪರೀಕ್ಷೆ ಮಾಡಿದರೆ ನಿಪಾ, ಬಾವಲಿಯಲ್ಲಿರುವ ವೈರಾಣು. ದಕ್ಷಿಣ ಭಾರತಕ್ಕೆ ಅದು ಕಾಲಿಟ್ಟಿದ್ದು ಅದೇ ಮೊದಲು. ಟಿ.ವಿ. ಹಾಕಿದರೆ ಬೆಳಗಿಂದ ರಾತ್ರಿವರೆಗೆ ಬಾವಲಿ. ಕೇರಳದಿಂದ ಮಂಗಳೂರಿಗೆ ಬಂದ ಭಯ ಘಟ್ಟ ಹತ್ತೋದಕ್ಕೆ ಎಷ್ಟು ಹೊತ್ತು? ವಾಟ್ಸ್‌ಆ್ಯಪ್‌ಗೆ ಆಗುಂಬೆ ತಿರುವಿನ ತೊಂದರೆ ಇಲ್ಲವಲ್ಲ.

ಊರವರನ್ನು ದೂರಿ ಪ್ರಯೋಜನ ಇಲ್ಲ. ಕಾಡಿನಿಂದ ಬರುವ ಜ್ವರ ಅಂದರೇನು ಅಂತ ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಯಾರೂ ಪಾಠ ಮಾಡಬೇಕಾಗಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ಮೇಲೆ ಮಂಗನ ಕಾಯಿಲೆಯಿಂದ ಜನ ಹೇಗೆ ಮಲಗಿದರು ಅನ್ನೋದನ್ನ ನಾನು ಅಪ್ಪನ ಬಾಯಲ್ಲಿ ಕೇಳಿದ್ದೇನೆ. ಅಂಥ ನೆನಪಿರುವ ಊರಿನ ಮಧ್ಯೆ ದೊಡ್ಡ ಬಾವಲಿಗಳ ಒಂದು ಮರ ಇದ್ದರೆ ಯಾರಿಗಾದರೂ ಎದೆ ಢವಗುಟ್ಟುತ್ತದೆ.

ಆ ಮರ ನೀವು ನೋಡಿದ್ದೀರಿ. ಹಗಲೆಲ್ಲ ಜೋತುಬಿದ್ದು ಜಗಳವಾಡುವ ಆ ದೊಡ್ಡ ತೊಗಲು ಬಾವಲಿಗಳು ರೆಕ್ಕೆ ಬಿಚ್ಚಿದರೆ ನಾಲ್ಕು ಅಡಿಗೂ ಹೆಚ್ಚು. ಬೇಸಿಗೆ ಮಧ್ಯಾಹ್ನ ರೆಕ್ಕೆಯಿಂದ ಗಾಳಿ ಬೀಸಿಕೊಳ್ಳುತ್ತವೆ, ಮೈ ನೆಕ್ಕಿ ತಂಪು ಮಾಡಿಕೊಳ್ಳುತ್ತವೆ. ವರ್ಷಕ್ಕೆ ಒಂದೇ ಮರಿ. ಇಷ್ಟು ದೊಡ್ಡ ಗುಂಪು ನೋಡಿದವರಿಗೆ ಅದು ಹೊಳೆಯೋದಿಲ್ಲ. ಗುಂಡು ಹಾರಿಸಿ ಒಂದು ಬೇಸಿಗೆಯಲ್ಲಿ ಕೊಂದದ್ದನ್ನ ತುಂಬಿಕೊಳ್ಳೋದಕ್ಕೆ ಆ ಮರಕ್ಕೆ ಎಷ್ಟು ಬೇಸಿಗೆ ಬೇಕು, ನೀವೇ ಲೆಕ್ಕ ಹಾಕಿ. ಉಬ್ಬಸಕ್ಕೆ ಬಾವಲಿ ಮಾಂಸ ಮದ್ದು ಅಂತ ಕೋವಿ ಹಿಡಿದು ಬರುವವರು ಆಗ ಇದ್ದರು. ಹಾಗೆ ಉಬ್ಬಸ ವಾಸಿಯಾದವರನ್ನ ನಾನಂತೂ ಈವರೆಗೆ ನೋಡಿಲ್ಲ.

ಎಣಿಕೆಯ ಹುಚ್ಚು ನನಗೆ ಹತ್ತಿಸಿದ್ದು ಕೊಯಮತ್ತೂರಿನವರು. ಅಮೆರಿಕದಿಂದ ಯೋಗ ಕಲಿಯಲು ಮೈಸೂರಿಗೆ ಬಂದು, ಅಲ್ಲಿನ ಮೃಗಾಲಯದ ಬೆನ್ನುಹತ್ತಿ ಇಲ್ಲೇ ಉಳಿದುಬಿಟ್ಟ ಸ್ಯಾಲಿ ವಾಕರ್ ಅಂತ ಒಬ್ಬರಿದ್ದರು. 1985ರಲ್ಲಿ ಅವರು ಶುರುಮಾಡಿದ ಝೂ ಔಟ್‌ರೀಚ್ ಸಂಸ್ಥೆ ಆಮೇಲೆ ಕೊಯಮತ್ತೂರಿಗೆ ಹೋಯಿತು. ದಕ್ಷಿಣ ಏಷ್ಯಾದಲ್ಲಿ ಬಾವಲಿ ಬಗ್ಗೆ ಕೆಲಸ ಮಾಡುವವರನ್ನೆಲ್ಲ ಒಂದು ಜಾಲಕ್ಕೆ ಕಟ್ಟಿದ್ದು ಆ ಸಂಸ್ಥೆಯೇ. ಆ ಜಾಲದವರು ಟೆರೋಕೌಂಟ್ ಅಂತ ಒಂದು ಕೆಲಸ ಹಚ್ಚಿಕೊಂಡರು. ಮೇಷ್ಟ್ರು, ಕಾಲೇಜು ಹುಡುಗರು, ಫಾರೆಸ್ಟ್ ಗಾರ್ಡು, ಯಾರಾದರೂ ಸರಿ, ನಿಮ್ಮೂರ ದೊಡ್ಡ ಬಾವಲಿ ಮರ ಯಾವುದು, ಅದರಲ್ಲಿ ಎಷ್ಟಿವೆ, ಯಾವ ಜಾತಿಯ ಮರ, ತೊಂದರೆ ಏನು ಅಂತ ಫಾರಂ ತುಂಬಿ ಕಳಿಸಿ ಅಂದರು. ಸಂಬಳ ಇಲ್ಲ, ಸನ್ಮಾನ ಇಲ್ಲ. ದೇಶದಲ್ಲಿ ಬಾವಲಿ ಓದಿದವರು ಬೆರಳೆಣಿಕೆ, ಬಾವಲಿ ಮರ ಸಾವಿರಾರು. ಬೇರೆ ದಾರಿ ಇರಲಿಲ್ಲ ಅವರಿಗೆ. ಸ್ಯಾಲಿ ಅಮ್ಮ 2019ರಲ್ಲಿ ತೀರಿಕೊಂಡರು. ಫಾರಂ ಕಳಿಸೋದು ನಿಂತ ಮೇಲೂ ನಾನು ಅದೇ ಮನೆಗಳನ್ನ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ ತುಂಬುತ್ತ ಬಂದೆ. ಮೇಷ್ಟ್ರ ಚಟ, ಹಾಜರಿ ಹಾಕದಿದ್ದರೆ ನಿದ್ದೆ ಬರೋದಿಲ್ಲ.

ಬೆಂಕಿಗೆ ಎರಡು ಕುಂಟೆ ಹಾಕಪ್ಪ, ಹಂಡೆ ಕುದಿಯೋದು ನಿಂತಿದೆ. ಚೊಗರು ದಪ್ಪ ಆಗದೆ ಅಡಿಕೆಗೆ ಬಣ್ಣ ಹಿಡಿಯೋದಿಲ್ಲ.

ಅರ್ಜಿ ಬಂದ ರಾತ್ರಿ ನಾನು ಒಂದು ಫೋನ್ ಮಾಡಿದೆ. ಬಾವಲಿ ಮೇಲೆ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ, ಧಾರವಾಡದ ಕಡೆಯವಳು, ಹಿಂದೊಮ್ಮೆ ನಮ್ಮ ಮರ ನೋಡಿ ಹೋಗಿದ್ದಳು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಸಾಗರದಲ್ಲಿ ಇಳಿದು, ಬೆಳಿಗ್ಗೆ ನಮ್ಮ ಮನೆಯಲ್ಲಿ ತೆಳ್ಳೇವು ತಿಂದು, ಸೀದಾ ಕೆರೆ ಏರಿಗೆ ನಡೆದಳು. ಮರದ ಕೆಳಗೆ ಹೋಗುವ ಮೊದಲು ಮಾಸ್ಕ್ ಕೊಟ್ಟಳು, ಕೈಗವಸು ಕೊಟ್ಟಳು. "ಸರ, ಇನ್ನೊಂದ್ ಮಾತು. ಮ್ಯಾಲೆ ನೋಡೂಮುಂದ ಬಾಯಿ ಮುಚ್ಚಿಕೊಂಡ ನೋಡ್ರಿ" ಅಂದಳು. ಕತ್ತೆತ್ತಿ ನೋಡುವವನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಗಮನಿಸಿದ್ದೀರಾ? ಅವತ್ತು ಬಾಯಿ ಮುಚ್ಚಿಕೊಳ್ಳೋದೇ ಒಂದು ಕೆಲಸವಾಯಿತು.

ಅಲ್ಲಿ ಸಿಕ್ಕವಳು ಕೆಳಮನೆ ಅಜ್ಜಿ. ಅವಳು ಆ ಮರದಡಿ ದಿನಾ ಸುರಹೊನ್ನೆ ಬೀಜ ಆರಿಸುತ್ತಿದ್ದಳು. ಬಾವಲಿಗಳು ಎಲ್ಲಿಂದಲೋ ಹೊನ್ನೆ ಹಣ್ಣು ಕಚ್ಚಿ ತಂದು, ತಿರುಳು ತಿಂದು ಬೀಜ ಉದುರಿಸುತ್ತವೆ. ಗಾಣಕ್ಕೆ ಕೊಟ್ಟರೆ ದೀಪದ ಎಣ್ಣೆ. "ಇವು ಹೋದ್ರೆ ಹೊನ್ನೆ ಮರ ಹುಡುಕ್ಕೊಂಡು ನಾನು ಗುಡ್ಡ ಹತ್ತಬೇಕಾ?" ಅಂತ ಕೇಳಿದಳು. ನಮ್ಮ ಸಂಶೋಧಕಿ ಖುಷಿಯಿಂದ ಕುಣಿಯುತ್ತಾಳೆ ಅಂದುಕೊಂಡೆ. ಇಲ್ಲ. ಮೊದಲು ಅಜ್ಜಿಯ ಕೈ ನೋಡಿದಳು. "ಬರಿಗೈಲೆ ಆರಿಸಬ್ಯಾಡ್ರಿ ಅಮ್ಮ. ಒಂದ್ ಪೊರಕಿ ತಗೊಂಡ ಗುಡಿಸಿ, ಬಿಸಲಿಗೆ ಹಾಕಿ, ಆಮ್ಯಾಲೆ ಮುಟ್ರಿ" ಅಂತ ತನ್ನ ಕೈಗವಸನ್ನೇ ಕಳಚಿ ಕೊಟ್ಟಳು.

ಎಣಿಸೋದು ಸಂಜೆ. ಹಗಲು ಮರದಲ್ಲಿ ಎಣಿಸಿದರೆ ಎಲೆ ಮರೆಯಲ್ಲಿರೋದು ತಪ್ಪಿಹೋಗುತ್ತದೆ. ಸಂಜೆ ಹೊರಡುವಾಗ ಎಣಿಸಬೇಕು, ಆಕಾಶದಲ್ಲಿ ಇನ್ನೂ ಬೆಳಕಿರುವಾಗ, ನಾಲ್ಕು ದಿಕ್ಕಿಗೆ ನಾಲ್ಕು ಜನ ನಿಂತು. ಪೂರ್ವಕ್ಕೆ ಅವಳು, ಉತ್ತರಕ್ಕೆ ನಾನು. ಪಶ್ಚಿಮಕ್ಕೆ ನಮ್ಮ ಲೈನ್‌ಮ್ಯಾನ್. ದಕ್ಷಿಣಕ್ಕೆ ಯಾರು ಅಂದಾಗ, "ಅರ್ಜಿ ಬರದಾರಲ್ರೀ, ಅವರನ್ನ ಕರೀರಿ" ಅಂದಳು. ನಾನು ಹಿಂದುಮುಂದು ನೋಡಿದೆ. ಅವನು ಬಂದ. ಮಾಸ್ಕಿನ ಮೇಲೆ ಟವೆಲನ್ನೂ ಸುತ್ತಿಕೊಂಡು ಬಂದ.

ಲೈನ್‌ಮ್ಯಾನ್ ಬಗ್ಗೆ ಹೇಳಲೇಬೇಕು. ಬಾವಲಿ ವಿಷಯದಲ್ಲಿ ನಮ್ಮೂರಲ್ಲಿ ಅವನಷ್ಟು ತಿಳಿದವರು ಯಾರೂ ಇರಲಿಲ್ಲ, ನಾನೂ ಸೇರಿ. ಅವನಿಗೆ ಬಾವಲಿ ಅಂದರೆ ಮೊದಲು ಕೋಪ. ಗಿಣಿಗೋ ಕಾಗೆಗೋ ಒಂದು ತಂತಿ ಮುಟ್ಟಿದರೆ ಏನೂ ಆಗೋದಿಲ್ಲ. ಈ ಬಾವಲಿಯ ರೆಕ್ಕೆ ಅಗಲ, ಪಕ್ಕದ ತಂತಿಗೂ ತಾಗುತ್ತದೆ. ಅಲ್ಲಿಗೆ ಅದೂ ಹೋಯಿತು, ಊರಿನ ಕರೆಂಟೂ ಹೋಯಿತು. ರಾತ್ರಿ ಹನ್ನೆರಡಕ್ಕೆ ಬ್ಯಾಟರಿ ಹಿಡಿದು ಹುಡುಕುವವನು ಇವನು. ಯಾವ ತಿಂಗಳು ಯಾವ ಕಂಬದ ಹತ್ತಿರ ಬಾವಲಿ ಸತ್ತು ನೇತಾಡುತ್ತಿತ್ತು ಅಂತ ಅವನ ಡೈರಿಯಲ್ಲಿ ಇತ್ತು, ಕೆಲಸದ ಲೆಕ್ಕಕ್ಕಾಗಿ ಬರೆದದ್ದು. ಆ ಹುಡುಗಿ ಅದನ್ನು ಕೈಗೆ ತೆಗೆದುಕೊಂಡವಳು ಒಂದು ತಾಸು ಬಿಡಲಿಲ್ಲ. ಬೂರುಗ ಹೂ ಬಿಡುವಾಗ ಗುಡ್ಡದ ಕಡೆ, ನೇರಳೆ ಕಾಲಕ್ಕೆ ಹೊಳೆ ಸಾಲಿನಲ್ಲಿ, ಹಣ್ಣಡಿಕೆ ಕಾಲಕ್ಕೆ ತೋಟದ ಲೈನಿನಲ್ಲಿ. ಬಾವಲಿ ರಾತ್ರಿ ಎಲ್ಲೆಲ್ಲಿ ತಿರುಗುತ್ತದೆ ಅಂತ ತಿಳಿಯೋದಕ್ಕೆ ಅದರ ಕುತ್ತಿಗೆಗೆ ಯಂತ್ರ ಕಟ್ಟುತ್ತಾರಂತೆ, ಭಾರೀ ದುಡ್ಡಿನದು. ಇಲ್ಲಿ ಸರ್ಕಾರಿ ಡೈರಿಯಲ್ಲಿ ಅರ್ಧ ಉತ್ತರ ಬರೆದಿಟ್ಟಿತ್ತು.

ಹೊತ್ತು ಮುಳುಗಲು ಕಾಯುವಾಗ ಅವಳು ಕೋಲಾರದ ಕಥೆ ಹೇಳಿದಳು. ಹನುಮನಹಳ್ಳಿ ಅಂತ ಒಂದು ಊರು. ಅಲ್ಲಿನ ಬಂಡೆ ಗುಹೆಯಲ್ಲಿ ಒಂದು ಜಾತಿಯ ಎಲೆಮೂಗಿನ ಪುಟ್ಟ ಬಾವಲಿ. ಇಡೀ ಪ್ರಪಂಚದಲ್ಲಿ ಅದು ಈಗ ಇರುವುದು ಅಲ್ಲೊಂದೇ ಕಡೆ, ಅದೂ ಇನ್ನೂರಕ್ಕೂ ಕಡಿಮೆ. ತೇರಹಳ್ಳಿ ಬೆಟ್ಟದಲ್ಲೂ ಇದ್ದವು, ಅಲ್ಲಿ ಈಗ ಇಲ್ಲ. ಸುತ್ತ ಕಲ್ಲು ಒಡೆಯುವವರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದವರು, ಬೆಂಗಳೂರಿನ ಬ್ಯಾಟ್ ಕನ್ಸರ್ವೇಷನ್ ಇಂಡಿಯಾ ಟ್ರಸ್ಟಿನವರು ಅದರ ಬೆನ್ನು ಬಿಡದೆ ಇದ್ದದ್ದಕ್ಕೆ ಆ ಗುಹೆ ಉಳಿದಿದೆ. ನನಗೆ ಮನಸ್ಸಿಗೆ ಹತ್ತಿದ್ದು ಬೇರೆ. ಆ ಬಾವಲಿಗೆ 1994ರಲ್ಲಿ ಶಾಸ್ತ್ರದ ಹೆಸರಿಟ್ಟವರು ಇಬ್ಬರು, ಜರ್ಮನಿಯ ಡೀಟರ್ ಕಾಕ್ ಮತ್ತು ಎಚ್.ಆರ್. ಭಟ್. ಈ ಭಟ್ಟರು ಯಾವುದೋ ಮೃಗಾಲಯದವರಲ್ಲ, ಪುಣೆಯ ವೈರಾಣು ಸಂಸ್ಥೆಯವರು! ನಮ್ಮ ಮಂಗನ ಕಾಯಿಲೆಯ ಬೆನ್ನುಹತ್ತಿದ ಸಂಸ್ಥೆಯೇ ಅದು. ರೋಗ ಹುಡುಕುವವರೂ ಬಾವಲಿ ಉಳಿಸುವವರೂ ಬೇರೆ ಬೇರೆ ಬಣ ಅಂತ ನಾನು ಅಲ್ಲಿಯವರೆಗೆ ಅಂದುಕೊಂಡಿದ್ದೆ.

ಏಳು ದಾಟಿ ಸ್ವಲ್ಪ ಹೊತ್ತಿಗೆ ಮೊದಲನೆಯದು ಕೊಂಬೆ ಬಿಟ್ಟಿತು. ಮರದ ಸುತ್ತ ಒಂದು ಸುತ್ತು ಹಾಕಿ ವಾಪಸ್ ಬಂದು ಕೂತಿತು. ಹಾಗೆ ಸುಮ್ಮನೆ ಸುತ್ತು ಹಾಕಿದ್ದು ಲೆಕ್ಕಕ್ಕಿಲ್ಲ. ದೂರದ ಎರಡು ಗುರುತಿನ ನಡುವೆ ಮನಸ್ಸಿನಲ್ಲೇ ಗೆರೆ ಎಳೆದುಕೊಂಡು, ಅದನ್ನು ದಾಟಿದ್ದನ್ನು ಮಾತ್ರ ಎಣಿಸಬೇಕು. ನನ್ನದು ದೇವಸ್ಥಾನದ ಕಳಸದಿಂದ ತೆಂಗಿನ ಮರದವರೆಗೆ. ಲೈನ್‌ಮ್ಯಾನ್ ಗುರುತು ಹುಡುಕಲೇ ಇಲ್ಲ, ಎರಡು ಕಂಬದ ನಡುವೆ ಅಂದ. ಕೈಯಲ್ಲಿ ಎಲ್ಲರಿಗೂ ಒಂದೊಂದು ಒತ್ತುವ ಗುಂಡಿಯ ಎಣಿಕೆ ಯಂತ್ರ. ಶಾಲೆ ಬಿಟ್ಟಾಗ ಮೊದಲು ನಾಲ್ಕು ಮಕ್ಕಳು ಬಾಗಿಲಿಗೆ ಬಂದು ಹಿಂದೆ ನೋಡಿ, ಆಮೇಲೆ ಒಮ್ಮೆಗೇ ನುಗ್ಗುವುದಿಲ್ಲವೇ, ಹಾಗೆ ಒಂದು, ಎರಡು, ಆರು, ಆಮೇಲೆ ತಡೆಯೇ ಇಲ್ಲ. ಸದ್ದು ಇಲ್ಲ ಅಂತ ಕಥೆಗಾರರು ಬರೆಯುತ್ತಾರೆ, ಸುಳ್ಳು. ತೊಗಲಿನ ರೆಕ್ಕೆ ಬಡಿದರೆ ಸದ್ದು ಬರುತ್ತದೆ. ಪಶ್ಚಿಮದಿಂದ ಗುಡುಗು ಬೇರೆ. ಮಳೆ ಬಿದ್ದರೆ ಲೆಕ್ಕ ಕೆಟ್ಟಿತು ಅಂತ ನಾನು ಒಳಗೊಳಗೇ ಚೌಡಮ್ಮನಿಗೆ ಕಾಯಿ ಹೇಳಿಕೊಂಡೆ. ಗುಂಪು ದಟ್ಟವಾದಾಗ ಒಂದೊಂದು ಎಣಿಸಲಾಗುವುದಿಲ್ಲ, ಹತ್ತರ ಕಟ್ಟು ಮಾಡಿ ಒಂದು ಒತ್ತಬೇಕು. ಹತ್ತು ಅಂದರೆ ಎಷ್ಟು ದೊಡ್ಡ ಗುಂಪು ಅಂತ ಕಣ್ಣಿಗೆ ಅಭ್ಯಾಸವಾಗಿರಬೇಕು. ಅದು ಪುಸ್ತಕ ಓದಿ ಬರುವುದಲ್ಲ.

ಕತ್ತಲಾದ ಮೇಲೆ ನಾಲ್ವರೂ ಏರಿಯ ಮೇಲೆ ಸೇರಿ ಲೆಕ್ಕ ಕೂಡಿಸಿದೆವು. ಎಲ್ಲ ಸೇರಿ ಎಂಟುನೂರರ ಆಸುಪಾಸು. ಹಿಂದಿನ ವರ್ಷಗಳಿಗಿಂತ ಕಡಿಮೆ. ಅರ್ಜಿ ಬರೆದ ಹುಡುಗ ಗುಂಡಿ ಯಂತ್ರ ಕೈಬಿಡಲಿಲ್ಲ. "ಮೇಡಂ, ಹಾರೋದಕ್ಕೆ ಬಾರದ ಮರಿಗಳು ಮರದಲ್ಲೇ ಉಳೀತಾವಲ್ಲ, ಅವನ್ನ ಯಾರು ಎಣಿಸ್ತಾರೆ?" ಅಂದ. ಅವಳು ನನ್ನ ಮುಖ ನೋಡಿ ನಕ್ಕಳು. ಆ ಕಾಲದಲ್ಲಿ ಕೆಲವು ಮರಿ ಇನ್ನೂ ಹಾರುವುದಿಲ್ಲ, ತಾಯಿ ಬಿಟ್ಟು ಹೋಗುತ್ತದೆ, ಹಾಗಾಗಿ ಈ ಲೆಕ್ಕ ನಿಜಕ್ಕಿಂತ ಕಡಿಮೆಯೇ ಇರುತ್ತದೆ ಅಂತ ವಿವರಿಸಿ, ಅವನ ಪ್ರಶ್ನೆಯನ್ನು ಷರಾ ಕಾಲಮ್ಮಿನಲ್ಲಿ ಬರೆದುಕೊಂಡಳು. ಇಪ್ಪತ್ತು ವರ್ಷದ ಹಿಂದೆ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳದ ಗಿರಾಕಿ ಇವನು!

ಮರುದಿನ ಬೆಳಿಗ್ಗೆ ಶಾಲೆಯಲ್ಲಿ ಸಭೆ. ಕಾನೂನಿನ ವಿಷಯ ಮೊದಲು ಬಂತು, ಬಂದಷ್ಟೇ ಬೇಗ ಮುಗಿಯಿತು. ಆಗಿನ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ತಿನ್ನುವ ಬಾವಲಿ ಇದ್ದದ್ದು ಇಲಿ, ಹೆಗ್ಗಣ, ಕಾಗೆಯ ಪಟ್ಟಿಯಲ್ಲಿ, ಅಂದರೆ ಪೀಡೆ ಅಂತ. ಕೊಂದರೆ ಕೇಳುವವರಿಲ್ಲ. ಮರ ಕಡಿಯುವುದಕ್ಕೆ ಮಾತ್ರ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ನೆತ್ತರು ಹರಿಯುವ ಪ್ರಾಣಿಗೆ ಇಲ್ಲದ ರಕ್ಷೆ ಮರಕ್ಕಾದರೂ ಇತ್ತಲ್ಲ, ಅಷ್ಟು ಪುಣ್ಯ.

ಪಂಚಾಯ್ತಿ ಸದಸ್ಯರೊಬ್ಬರು ಎದ್ದು ನಮ್ಮ ಪರವಾಗಿಯೇ ಮಾತಾಡಿದರು. "ಕೇರಳದಲ್ಲಿ ಆ ಮನೆ ಬಾವಿಯಲ್ಲಿದ್ದ ಬಾವಲಿ ಪರೀಕ್ಷೆ ಮಾಡಿದ್ದಾರೆ, ವೈರಸ್ ಇಲ್ಲ ಅಂತ ಪೇಪರಲ್ಲಿ ಬಂದಿದೆ. ಬಾವಲಿಗೂ ಇದಕ್ಕೂ ಸಂಬಂಧ ಇಲ್ಲ. ಅಲ್ವಾ ಮೇಡಂ?"

ಹೌದು ಅಂದುಬಿಟ್ಟಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತಿತ್ತು. ನಾನಾಗಿದ್ದರೆ ಏನು ಹೇಳುತ್ತಿದ್ದೆನೋ. ಅವಳು ಎದ್ದು ನಿಂತಳು.

"ಇಲ್ರಿ, ಹಂಗ ಹೇಳಾಕ ಬರೂದಿಲ್ಲ. ಬಾವ್ಯಾಗ ಸಿಕ್ಕಿದ್ದು ಹುಳ ತಿನ್ನೂ ಸಣ್ಣ ಬಾವಲಿ. ನಿಮ್ಮ ಮರದಾಗಿರೂವು ಬ್ಯಾರೆ. ಈ ಜಾತಿ ಒಳಗ ನಿಪಾ ಇರತೈತಿ. ಬಾಂಗ್ಲಾದೇಶದಾಗ ಸಿಕ್ಕೈತಿ, ಪಶ್ಚಿಮ ಬಂಗಾಳದಾಗ ಸಿಕ್ಕೈತಿ. ನಿಮ್ಮೂರ ಬಾವಲ್ಯಾಗ ಐತೋ ಇಲ್ಲೋ ನನಗ ಗೊತ್ತಿಲ್ಲ. ಇಲ್ಲ ಅಂತ ಸುಳ್ಳ ಹೇಳಿ ಇವತ್ತು ಮರ ಉಳಿಸಿದ್ರ, ನಾಳೆ ಐತಿ ಅಂತ ಸುದ್ದಿ ಬಂದ ದಿನ ನೀವ ಕೊಡ್ಲಿ ತಗೋತೀರಿ."

ಸಭೆಯಲ್ಲಿ ಗುಜುಗುಜು. ಸದಸ್ಯರು ಕೂತರು. ನನಗೋ ಕಾಲ ಕೆಳಗಿನ ನೆಲ ಜಾರಿದಂತಾಯಿತು. ಅವಳು ನಿಲ್ಲಿಸಲಿಲ್ಲ. ಬಾಂಗ್ಲಾದಲ್ಲಿ ಅದು ಮನುಷ್ಯರಿಗೆ ಬರುವುದು ಹೆಚ್ಚಾಗಿ ಖರ್ಜೂರದ ಮರದ ಹಸಿ ರಸದಿಂದ. ರಾತ್ರಿ ಮಡಕೆಗೆ ಬಾವಲಿ ಬಾಯಿ ಹಾಕಿರುತ್ತದೆ, ಬೆಳಿಗ್ಗೆ ಜನ ಕುಡಿಯುತ್ತಾರೆ. ಮಡಕೆಗೆ ಬಿದಿರಿನ ತಟ್ಟಿ ಕಟ್ಟಿದರೆ ಬಾವಲಿ ಹತ್ತಿರ ಬರೋದಿಲ್ಲ. ಮಲೇಷ್ಯಾದಲ್ಲಿ 1998ರಲ್ಲಿ ಮೊದಲು ಕಂಡಾಗ ನಡುವೆ ಹಂದಿ ಇತ್ತು, ಹಂದಿ ದೊಡ್ಡಿಯ ಮೇಲೆ ಹಣ್ಣಿನ ಮರ ಇತ್ತು. ಬಾವಲಿ ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ, ಅದರ ಎಂಜಲು ಉಚ್ಚೆ ನಮ್ಮ ಹೊಟ್ಟೆ ಸೇರುವ ದಾರಿ ಇರಬೇಕು. ಆ ದಾರಿ ಕಟ್ಟಿ ಅಂದಳು. ಕಚ್ಚಿದ ಹಣ್ಣು ತಿನ್ನಬೇಡಿ, ಸತ್ತ ಬಾವಲಿ ಮುಟ್ಟಬೇಡಿ, ಮರದ ಹತ್ತಿರದ ಬಾವಿಗೆ ಬಲೆ ಹಾಕಿ. ಪಟಾಕಿ ಹೊಡೆದು ಓಡಿಸಿದರೆ ಹೆದರಿದ ಪ್ರಾಣಿ ಇನ್ನೂ ಹೆಚ್ಚು ವೈರಾಣು ಉದುರಿಸಬಹುದು ಅಂತಲೂ ಹೇಳಿದಳು. ಈ ಕೊನೆಯದು ಯಾರ ತಲೆಗೂ ಹೋಗಲಿಲ್ಲ ಅಂತ ಕಾಣುತ್ತದೆ.

ತಲೆಗೆ ಹೋಗಿದ್ದು ಲೈನ್‌ಮ್ಯಾನ್ ಮಾತು. ಅವನು ಹಿಂದಿನ ಬೆಂಚಿನಲ್ಲಿ ಕೂತೇ ಹೇಳಿದ: "ಮರ ಕಡೀರಿ, ನಂದೇನು ಇಲ್ಲ. ಎಂಟುನೂರು ಬಾವಲಿ ಸಂಜೆ ಮೇಲೆ ಎಲ್ಲಿಗೆ ಹೋಗ್ತವೆ? ನಾನು ಲೈನ್ ನೋಡಿದವನು, ಹೇಳ್ತೇನೆ. ಇಷ್ಟು ದೊಡ್ಡ ಮರ ಇರೋದು ಇನ್ನು ಎರಡೇ ಕಡೆ. ಒಂದು ಸದಸ್ಯರ ಮನೆ ಹಿತ್ಲು. ಇನ್ನೊಂದು ಆಸ್ಪತ್ರೆ ಕಾಂಪೌಂಡು."

ಆಮೇಲೆ ಚರ್ಚೆ ಹೆಚ್ಚು ಬೆಳೆಯಲಿಲ್ಲ. ಕುಡಿಯುವ ನೀರಿನ ಬಾವಿಯ ಮೇಲೆ ಚಾಚಿದ್ದ ಒಂದು ಕೊಂಬೆ ಕತ್ತರಿಸುವುದು, ಬಾವಿಗೆ ಬಲೆ ಹಾಕುವುದು, ಮರ ಇರಲಿ ಅಂತಾಯಿತು. ಅರ್ಜಿಯ ಹಾಳೆಯ ಹಿಂದೆಯೇ ನಮ್ಮ ಹುಡುಗ ಬಾವಿ ಬಲೆಯ ಖರ್ಚಿನ ಲೆಕ್ಕ ಬರೆದ. ಆ ಕೊಂಬೆ ಕಡಿದದ್ದು ನನಗೆ ಇಷ್ಟವಾಗಲಿಲ್ಲ, ಅಲ್ಲಿ ಮರಿ ಹೊತ್ತ ತಾಯಿ ಬಾವಲಿಗಳು ಕೂರುತ್ತಿದ್ದವು. ಅವಳೇ ಕಡಿಸಿ ಅಂದಳು. ಬಾವಿ ಮೊದಲು, ಅಂದಳು.

ಜುಲೈ ತಿಂಗಳಲ್ಲಿ ಸುದ್ದಿ ಬಂತು: ಕೇರಳದಲ್ಲಿ ಹಿಡಿದ ಇದೇ ಜಾತಿಯ ದೊಡ್ಡ ಬಾವಲಿಗಳಲ್ಲಿ ಪುಣೆಯವರಿಗೆ ನಿಪಾ ಸಿಕ್ಕಿದೆ. ಬಾವಲಿ ಪಾಪದ ಪ್ರಾಣಿ, ಅದಕ್ಕೂ ರೋಗಕ್ಕೂ ಸಂಬಂಧವೇ ಇಲ್ಲ ಅಂತ ಭಾಷಣ ಮಾಡಿ ಬಂದವರು ಬೇರೆ ಊರುಗಳಲ್ಲಿ ಮುಖ ಎತ್ತಲಾರದೆ ಹೋದರು. ನಮ್ಮೂರಲ್ಲಿ ಯಾರೂ ಕೊಡಲಿ ಹುಡುಕಲಿಲ್ಲ. ಚಹದ ಅಂಗಡಿಯಲ್ಲಿ ಒಬ್ಬ, "ಆ ಧಾರವಾಡದ ಮೇಡಂ ಆಗಲೇ ಹೇಳಿದ್ರಲ್ಲ" ಅಂದನಂತೆ, ಅಷ್ಟೆ. 2020ರಲ್ಲಿ ಕೊರೊನಾ ಬಂದಾಗ ಮತ್ತೆ ಸ್ವಲ್ಪ ಕಾವೇರಿತು. ಆ ಏಪ್ರಿಲ್‌ನಲ್ಲಿ ದಕ್ಷಿಣ ಏಷ್ಯಾದ 64 ಬಾವಲಿ ಸಂಶೋಧಕರು ಸೇರಿ ಹೇಳಿಕೆ ಕೊಟ್ಟರು. ಅದನ್ನು ನಾನು ಕನ್ನಡ ಮಾಡಿ ಸೊಸೈಟಿ ಬಾಗಿಲಿಗೆ ಅಂಟಿಸಿದೆ. ಎಷ್ಟು ಜನ ಓದಿದರೋ ಗೊತ್ತಿಲ್ಲ. ಅಂಟಿಸುವಾಗ ಅಂಟು ಕೊಟ್ಟವನು ಅರ್ಜಿ ಬರೆದವನೇ.

ಕಾಯ್ದೆಯೂ ಬದಲಾಯಿತು. 2022ರ ತಿದ್ದುಪಡಿಯಲ್ಲಿ ಆ ಪೀಡೆ ಪಟ್ಟಿಯನ್ನೇ ತೆಗೆದುಹಾಕಿದರು. ಕೋವಿ ಹಿಡಿದು ಬರುವವರಿಗೆ ಈಗ ಕಾನೂನು ತೋರಿಸಬಹುದು.

ಲೈನ್‌ಮ್ಯಾನ್‌ಗೆ ವರ್ಗವಾಯಿತು. ಹೋಗುವಾಗ ಡೈರಿಯ ನಕಲು ಮಾಡಿಕೊಟ್ಟು ಹೋದ. ಹೊಸಬ ಬಂದಿದ್ದಾನೆ, ಒಳ್ಳೆಯವನು, ಆದರೆ ಸತ್ತ ಬಾವಲಿ ಕಂಡರೆ ಕೋಲಲ್ಲಿ ತಳ್ಳಿ ಸುಮ್ಮನಾಗುತ್ತಾನೆ, ತಾರೀಖು ಬರೆಯುವುದಿಲ್ಲ. ಅವನ ಬೆನ್ನಿಗೆ ಬಿದ್ದಿದ್ದೇನೆ. ದಕ್ಷಿಣ ದಿಕ್ಕು ಇವತ್ತಿಗೂ ಅರ್ಜಿಯವನದ್ದೇ, ಬೇರೆಯವರಿಗೆ ಬಿಟ್ಟುಕೊಡುವುದಿಲ್ಲ. ಪೂರ್ವಕ್ಕೆ ಕಾಲೇಜು ಹುಡುಗಿಯರಿಬ್ಬರು ಸಿಕ್ಕಿದ್ದಾರೆ. ಕಷ್ಟ ಇರುವುದು ನನ್ನ ಉತ್ತರದ್ದು. ಕಣ್ಣಿನ ಪೊರೆ ತೆಗೆಸಿದರೂ ಸಂಜೆಗತ್ತಲಲ್ಲಿ ಎರಡು ಬಾವಲಿ ಒಂದಾಗಿ ಕಾಣುತ್ತವೆ, ಇಂಥ ಕಣ್ಣಿನ ಲೆಕ್ಕ ಬರೆದರೆ ಆ ಹುಡುಗಿ ಒಪ್ಪುವುದಿಲ್ಲ. ಏ ತಮ್ಮಾ, ಮೆಟ್ಟುಗತ್ತಿ ಸ್ವಲ್ಪ ಬಿಡು, ಇಲ್ಲಿ ನೋಡು. ನಿನಗೆ ಕನ್ನಡಕ ಇಲ್ಲವಲ್ಲ? ಮೇ ತಿಂಗಳಲ್ಲಿ ಬರ್ತೀಯಾ? ಏಳಕ್ಕೆ ಮುಂಚೆ ಏರಿ ಮೇಲೆ ಇರಬೇಕು. ಕಳಸದಿಂದ ತೆಂಗಿನ ಮರದವರೆಗೆ, ಗೆರೆ ದಾಟಿದ್ದು ಮಾತ್ರ. ಮತ್ತೆ ಆ ಫೋನು ಮನೆಯಲ್ಲೇ ಇಟ್ಟು ಬಾ.